ಮರೆಯ ಬಾಣ, ಮೃಗದ ಮಾತು

ನಮ್ಮ ಕಡೆಯ ತಾಳಮದ್ದಳೆ ಕೂಟಗಳಲ್ಲಿ ‘ವಾಲಿವಧೆ’ಗೆ ಇರುವ ಬೇಡಿಕೆ ಎಲ್ಲರಿಗೂ ಗೊತ್ತಿದ್ದದ್ದೇ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ನಡೆದುಬಂದ ರಾಮಾಯಣ ಪ್ರಸಂಗಗಳು ನಿಜಕ್ಕೂ ಯಾರವು, ಅವಕ್ಕೂ ಕೊಟ್ಟಾರಕ್ಕರ ತಂಬುರಾನರ ರಾಮನಾಟ್ಟಕ್ಕೂ ಇರುವ ನಂಟೇನು ಎಂಬುದರ ಮೇಲೆ ವಿದ್ವಾಂಸರು ಬೇಕಾದಷ್ಟು ವಾದಿಸಿದ್ದಾರೆ. ಆ ವಾದ ನನ್ನ ಶಕ್ತಿಗೆ ಮೀರಿದ್ದು, ಈ ಲೇಖನಕ್ಕೆ ಬೇಕಾದದ್ದೂ ಅಲ್ಲ. ಬೇಕಾದದ್ದು ಇಷ್ಟೇ: ವೇಷವಿಲ್ಲದೆ, ಕುಣಿತವಿಲ್ಲದೆ, ಬರೀ ಮಾತಿನ ಬಲದ ಮೇಲೆ ನಿಂತ ಈ ಕಲೆಯಲ್ಲಿ ಜನ ರಾತ್ರಿಯಿಡೀ ಕಾದು ಕೂರುವುದು ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುವ ಒಂದು ಪ್ರಶ್ನೆಗಾಗಿ. ಎದುರಿಗೆ ಬಾರದೆ, ಮರದ ಮರೆಯಲ್ಲಿ ನಿಂತು, ಇನ್ನೊಬ್ಬನೊಡನೆ ಸೆಣಸುತ್ತಿದ್ದವನಿಗೆ ಬಾಣ ಬಿಟ್ಟದ್ದು ಯಾವ ನ್ಯಾಯ?

ಈ ಪ್ರಶ್ನೆಯನ್ನು ನಮ್ಮ ವಿಮರ್ಶಕರು ರಾಜಧರ್ಮದ ಪ್ರಶ್ನೆಯೆಂದು ಓದಿದರು. ಕೆಲವರು ಆರ್ಯ–ದ್ರಾವಿಡ ಪ್ರಶ್ನೆಯೆಂದು ಓದಿದರು. ಭಕ್ತರು ಮೋಕ್ಷದ ನೆಪವೆಂದು ಓದಿದರು. ಅದು ಬೇಟೆಯ ಪ್ರಶ್ನೆಯೂ ಹೌದು, ಬಹುಶಃ ಮೊದಲಿಗೆ ಬೇಟೆಯ ಪ್ರಶ್ನೆಯೇ ಹೌದು ಎಂಬುದು ಯಾಕೋ ಬದಿಗೆ ಸರಿದಿದೆ. ಜಿಂಕೆಯನ್ನು ಹೇಗೆ ಹೊಡೆಯಬಹುದು, ಹೇಗೆ ಹೊಡೆಯಬಾರದು ಎಂಬ ವಿಚಾರದಲ್ಲಿ ಕನ್ನಡಕ್ಕೂ ಮಲಯಾಳಕ್ಕೂ ಪಾಲಿರುವ ಸಾಹಿತ್ಯ ಏನು ಹೇಳುತ್ತದೆ ಎಂದು ನೋಡಿದರೆ ವಾಲಿಯ ಪ್ರಶ್ನೆಯ ತೂಕ ಬೇರೆಯಾಗಿ ಕಾಣುತ್ತದೆ.

ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿ ರಾಮ ಕೊಡುವ ಉತ್ತರಗಳಲ್ಲಿ ಎರಡು ಮುಖ್ಯ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ಭರತನ ಆಳ್ವಿಕೆಯಲ್ಲಿ ಶಿಕ್ಷೆಯಾಗಲೇಬೇಕು ಎಂಬುದು ಒಂದು. ಎರಡನೆಯದು ನೇರ ಬೇಟೆಗಾರನ ಉತ್ತರ. ಜನ ಬಲೆ ಹಾಕಿ, ಉರುಳು ಒಡ್ಡಿ, ಕಾಣಿಸಿಕೊಂಡೂ ಅಡಗಿಕೊಂಡೂ ಮೃಗಗಳನ್ನು ಹಿಡಿಯುತ್ತಾರೆ. ಎಚ್ಚರವಿದ್ದರೂ ಮೈಮರೆತಿದ್ದರೂ ಬೆನ್ನು ತಿರುಗಿಸಿದ್ದರೂ ಹೊಡೆಯುತ್ತಾರೆ, ಅದರಲ್ಲಿ ದೋಷವಿಲ್ಲ. ವಾನರನಾದ ನೀನು ಶಾಖಾಮೃಗ, ಕೊಂಬೆಯ ಮೇಲಿನ ಮೃಗ, ಆದ್ದರಿಂದ ನನ್ನೊಡನೆ ಹೋರಾಡಿದರೂ ಹೋರಾಡದಿದ್ದರೂ ನಿನ್ನನ್ನು ಕೊಂದದ್ದು ಸರಿ ಎಂಬ ಧಾಟಿ ಅದು. ಸಂಸ್ಕೃತದಲ್ಲಿ ಮೃಗವೆಂದರೆ ಜಿಂಕೆಯೂ ಹೌದು, ಯಾವ ಕಾಡುಪ್ರಾಣಿಯೂ ಹೌದು. ಕನ್ನಡದಲ್ಲೂ ಮಲಯಾಳದಲ್ಲೂ ಎರಡನೆಯ ಅರ್ಥ ಮಾತ್ರ ಬಳಕೆಯಲ್ಲಿ ಉಳಿದಿದೆ. ಮೊದಲನೆಯದಕ್ಕೆ ನಮ್ಮಲ್ಲಿ ಜಿಂಕೆ, ಕಡವೆ, ಅವರಲ್ಲಿ ಮಾನ್, ಮ್ಲಾವ್. ಹಾಗಾಗಿ ರಾಮನ ವಾದ ಜಿಂಕೆಯ ಬೇಟೆಯಿಂದ ಎದ್ದು ವಾನರರಾಜನವರೆಗೆ ಒಂದು ಪದದ ಮೇಲೆ ಹೇಗೆ ನೆಗೆಯಿತು ಎಂಬುದು ಕನ್ನಡದ ಕಿವಿಗೆ ಸುಲಭವಾಗಿ ಕೇಳಿಸುವುದಿಲ್ಲ.

ಆದರೆ ವಾಲಿಯ ಕಿವಿ ಚುರುಕಾಗಿತ್ತು. ಅವನು ತನ್ನ ಮಾತಿನಲ್ಲೇ ಬೇಟೆಯ ನಿಯಮವನ್ನು ಎತ್ತಿದ್ದಾನೆ: ನನ್ನ ಚರ್ಮ ಸಜ್ಜನರು ಹೊದೆಯುವಂಥದ್ದಲ್ಲ, ನನ್ನ ಮೂಳೆ ಯಾರಿಗೂ ಬೇಡ, ನನ್ನ ಮಾಂಸ ತಿನ್ನತಕ್ಕ ಐದುಗುರಿನ ಪ್ರಾಣಿಗಳ ಲೆಕ್ಕದಲ್ಲಿ ಸೇರಿಲ್ಲ, ಮತ್ತೆ ಯಾತಕ್ಕೆ ಹೊಡೆದೆ? ಇದು ಕಾಡಿನವರ ಪ್ರಶ್ನೆ. ಹೊಡೆದ ಮೇಲೆ ಪ್ರಯೋಜನ ಬೇಕು ಎಂಬುದು ಬೇಟೆಯ ಮೊದಲ ಕಟ್ಟಳೆ. ವಿಧಾನದ ಪ್ರಶ್ನೆ ಆಮೇಲಿನದು. ರಾಮ ಎರಡನೆಯದಕ್ಕೆ ಉತ್ತರಿಸುತ್ತಾನೆ, ಮೊದಲನೆಯದನ್ನು ಮುಟ್ಟುವುದಿಲ್ಲ.

ರಾಮನ ಎರಡು ಉತ್ತರಗಳೂ ಒಂದಕ್ಕೊಂದು ಕೂಡಿಬರುವುದಿಲ್ಲ. ವಾಲಿ ಮೃಗವಾಗಿದ್ದರೆ ಅವನಿಗೆ ದಾಂಪತ್ಯದ ಕಟ್ಟಳೆ ಇಲ್ಲ, ಶಿಕ್ಷೆಯ ಮಾತೇ ಇಲ್ಲ. ಕಟ್ಟಳೆಗೆ ಒಳಪಟ್ಟವನಾಗಿದ್ದರೆ ಅವನನ್ನು ಬಲೆಗೆ ಬಿದ್ದ ಜಿಂಕೆಯಂತೆ ಹೊಡೆಯುವ ಹಾಗಿಲ್ಲ. ಚೆನ್ನಾಗಿ ಓದಿಕೊಂಡ ಅರ್ಥಧಾರಿಗಳು ಹಿಡಿಯುವುದು ಇದೇ ಸಂದನ್ನು. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯನ್ನು ಕೇಳಿದವರು ಇಂದಿಗೂ ಅದನ್ನು ನೆನೆಯುವುದು ವಾಲಿ ಗೆದ್ದನೋ ಸೋತನೋ ಎಂಬುದಕ್ಕಲ್ಲ. ಬಿದ್ದವನಿಗೂ ಒಂದು ಸಿದ್ಧಾಂತವಿರಬಹುದು ಎಂಬುದು ಆ ಪಾತ್ರದಿಂದ ಜನರಿಗೆ ಮನದಟ್ಟಾದದ್ದಕ್ಕೆ.

ಗಡಿಯ ಆಚೆಗಿನ ಅದೇ ವಾಲಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1912ರಲ್ಲಿ ತಿರುವನಂತಪುರದಿಂದ ಟಿ. ಗಣಪತಿ ಶಾಸ್ತ್ರಿಗಳು ಭಾಸನ ಹೆಸರಿನಲ್ಲಿ ಪ್ರಕಟಿಸತೊಡಗಿದ ನಾಟಕಗಳಲ್ಲಿ ‘ಅಭಿಷೇಕ’ವೂ ಒಂದು. ಅದರ ಮೊದಲ ಅಂಕ ಕೂಡಿಯಾಟ್ಟದ ‘ಬಾಲಿವಧಂ’. ವಾಲ್ಮೀಕಿಯಲ್ಲಿ ಸರ್ಗದುದ್ದಕ್ಕೂ ಹರಡಿದ್ದ ಉತ್ತರವನ್ನು ಈ ನಾಟಕಕಾರ ಒಂದೇ ಉಸಿರಿಗೆ ಇಳಿಸುತ್ತಾನೆ: ನೀನು ವಧ್ಯ, ಜತೆಗೆ ಮೃಗ, ಆದ್ದರಿಂದ ಮರೆಯಿಂದ ದಂಡಿಸಿದೆ. ಒಂದಕ್ಕೊಂದು ಒಗ್ಗದ ಎರಡು ಕಾರಣಗಳನ್ನು ‘ಜತೆಗೆ’ ಎಂಬ ಮಾತಿನಿಂದ ಹೊಲಿದುಬಿಟ್ಟದ್ದು ನಾಟಕಕಾರನ ಜಾಣತನವೋ ಕುಹಕವೋ ಹೇಳುವುದು ಕಷ್ಟ. ವಾಲಿ ಮಾತಿನಲ್ಲಿ ಸೋಲುತ್ತಾನೆ. ಆದರೆ ರಂಗದ ಮೇಲೆ ಆಗುವುದೇ ಬೇರೆ. ಅಮ್ಮನ್ನೂರು ಮಾಧವ ಚಾಕ್ಯಾರರು (1917–2008) ಬಾಲಿಯ ಸಾವನ್ನು ಅಭಿನಯಿಸುವಾಗ ಉಸಿರು ಎಳೆದು, ತಡೆದು, ಮತ್ತೆ ಎಳೆದು, ಮೆಲ್ಲಮೆಲ್ಲನೆ ಆರಿಹೋಗುವುದನ್ನು ಸಭೆ ನೋಡುತ್ತ ಕೂರಬೇಕಾಗಿತ್ತು. ರಂಗದ ಮೇಲೆ ಸಾವು ಸಲ್ಲದೆಂಬ ಶಾಸ್ತ್ರವನ್ನು ಮೀರಿ ಕೇರಳದ ಕಲಾವಿದರು ಅದನ್ನು ಅಷ್ಟು ಹೊತ್ತು ಹಿಡಿದು ನಿಲ್ಲಿಸಿದ್ದಾರೆ. ಕಾಡಿನಲ್ಲಿ ಗುಂಡು ತಾಗಿದ ಕಡವೆ ಎಲ್ಲೋ ಪೊದೆಯಲ್ಲಿ ಬಿದ್ದು ಸಾಯುತ್ತದೆ. ಹೊಡೆದವನು ಅದನ್ನು ಕಾಣಲೇಬೇಕೆಂದಿಲ್ಲ. ಇಲ್ಲಿ ಕಾಣಲೇಬೇಕು. ನಮ್ಮ ವಾಲಿ ಮಾತಿನಿಂದ ಕೇಳಿದ್ದನ್ನು ಅವರ ಬಾಲಿ ಉಸಿರಿನಿಂದ ಕೇಳುತ್ತಾನೆ.

ರಾಮಾಯಣ ಹುಟ್ಟಿದ್ದೇ ಒಂದು ಬೇಟೆಯ ಖಂಡನೆಯಿಂದ ಎಂಬುದನ್ನೂ ಇಲ್ಲಿ ನೆನೆಯಬೇಕು. ಜೋಡಿಯಾಗಿದ್ದ ಕ್ರೌಂಚಗಳಲ್ಲಿ ಒಂದನ್ನು ನಿಷಾದ ಹೊಡೆದ. ಋಷಿಯ ಶೋಕ ಶ್ಲೋಕವಾಯಿತು. ಹಕ್ಕಿ ಹೊಡೆಯುವುದು ನಿಷಾದನ ಕಸುಬು, ಅದಕ್ಕಾಗಿ ಶಾಪವಲ್ಲ. ಹೊಡೆದ ಗಳಿಗೆಗಾಗಿ ಶಾಪ. ಬೇಡನಿಗೆ ಕಸುಬಿನ ನೆಪವನ್ನೂ ಬಿಟ್ಟುಕೊಡದ ಕವಿ ಮುಂದೆ ತನ್ನ ನಾಯಕನ ಬಾಯಲ್ಲಿ ಬೇಡನ ವಾದವನ್ನೇ ಇಡುತ್ತಾನೆ. ಇದು ಅನವಧಾನವಲ್ಲ ಎಂದೇ ನನ್ನ ನಂಬಿಕೆ.

ಇದೇ ಗಳಿಗೆಯ ಪ್ರಶ್ನೆ ಮಹಾಭಾರತದ ಆದಿಪರ್ವದಲ್ಲಿ ಸ್ವತಃ ಜಿಂಕೆಯ ಬಾಯಿಂದ ಬರುತ್ತದೆ. ಮನುಷ್ಯರ ನಡುವೆ ಸಂಕೋಚವೆನಿಸಿ ಜಿಂಕೆಯ ರೂಪ ತಾಳಿ ಹೆಂಡತಿಯೊಡನೆ ಕೂಡಿದ್ದ ಕಿಂದಮ ಮುನಿಯನ್ನು ಪಾಂಡು ಐದು ಬಾಣಗಳಿಂದ ಹೊಡೆಯುತ್ತಾನೆ. ಬಿದ್ದ ಜಿಂಕೆ ಮಾತಾಡುತ್ತದೆ. ಪಾಂಡು ಕೂಡಲೇ ತಪ್ಪೊಪ್ಪಿಕೊಳ್ಳುವುದಿಲ್ಲ, ವಾದಿಸುತ್ತಾನೆ. ರಾಜರು ಜಿಂಕೆಗಳನ್ನು ಶತ್ರುಗಳಂತೆಯೇ ಕೊಲ್ಲುತ್ತಾರೆ, ಎಚ್ಚರವಿದ್ದರೂ ಇಲ್ಲದಿದ್ದರೂ ಕೊಲ್ಲುತ್ತಾರೆ, ಅಗಸ್ತ್ಯನೂ ಯಜ್ಞಕ್ಕಾಗಿ ಬೇಟೆಯಾಡಿದ್ದಾನೆ ಎನ್ನುತ್ತಾನೆ. ರಾಮನ ವಾದಕ್ಕೆ ಇದು ಒಡಹುಟ್ಟಿದ್ದು. ಜಿಂಕೆಯ ಮರುಮಾತು ಮಾತ್ರ ನನಗೆ ಗೊತ್ತಿರುವ ಬೇಟೆಯ ಬರಹಗಳಲ್ಲೆಲ್ಲ ಅತ್ಯಂತ ಸಂಯಮದ್ದು. ಜಿಂಕೆ ಕೊಂದೆಯೆಂದು ನಿನ್ನನ್ನು ದೂರುತ್ತಿಲ್ಲ, ನನ್ನ ಪ್ರಾಣ ಹೋಗುತ್ತಿದೆಯೆಂದೂ ದೂರುತ್ತಿಲ್ಲ. ಕೂಟ ಮುಗಿಯುವ ತನಕ ಕಾಯಬೇಕಿತ್ತು, ಆನೃಶಂಸ್ಯ ಅಷ್ಟನ್ನು ಬೇಡುತ್ತಿತ್ತು ಎಂಬುದು ಅದರ ಒಟ್ಟು ತಾತ್ಪರ್ಯ. ಆನೃಶಂಸ್ಯವೆಂದರೆ ಕ್ರೂರನಾಗದಿರುವುದು, ಅಹಿಂಸೆಗಿಂತ ಒಂದು ಮೆಟ್ಟಿಲು ಕೆಳಗಿನ, ಆದರೆ ಬೇಟೆಗಾರನ ಕೈಗೆಟಕುವ ಗುಣ. ಕೊಲ್ಲಬೇಡ ಎನ್ನುವವನೊಡನೆ ಬೇಟೆಗಾರ ಸುಲಭವಾಗಿ ವಾದ ಗೆಲ್ಲಬಹುದು. ಸ್ವಲ್ಪ ಕಾಯಬಹುದಿತ್ತಲ್ಲ ಎನ್ನುವವನಿಗೆ ಏನೆಂದು ಉತ್ತರ ಕೊಡುವುದು?

ಹಂದಿಯ ಬೇಟೆಗೂ ಜಿಂಕೆಯ ಬೇಟೆಗೂ ಇರುವ ಅಂತರವನ್ನು ನಮ್ಮ ಹಳೆಯ ಕನ್ನಡದವರು ತಿಳಿದಿದ್ದರು. ಹತ್ತನೆಯ ಶತಮಾನದ ಆತಕೂರು ಶಾಸನದಲ್ಲಿ ಮಣಲೇರನ ‘ಕಾಳಿ’ ಎಂಬ ನಾಯಿ ದೊಡ್ಡ ಹಂದಿಯೊಂದರೊಡನೆ ಕಾದಿ, ನಾಯಿಯೂ ಹಂದಿಯೂ ಸತ್ತ ಸಂಗತಿಯಿದೆ. ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನಲ್ಲಿ ಇಬ್ಬರೂ ಎದುರಾಬದುರು ಕೆತ್ತಲ್ಪಟ್ಟಿದ್ದಾರೆ. ಹಂದಿ ತಿರುಗಿ ಬೀಳುತ್ತದೆ, ಆದ್ದರಿಂದ ಅದಕ್ಕೆ ಕಲ್ಲಿನಲ್ಲಿ ಜಾಗ. ಜಿಂಕೆ ಓಡುತ್ತದೆ. ಅದರ ಆಯುಧವೆಲ್ಲ ಕಾಲಿನಲ್ಲಿ, ಕಿವಿಯಲ್ಲಿ, ಮೂಗಿನಲ್ಲಿ. ಈ ಮೂರನ್ನೂ ಕೆಡಿಸುವ ಉಪಾಯಗಳೇ ಬೇಟೆಯ ಇತಿಹಾಸ. ಹಳಗನ್ನಡದಲ್ಲಿ ‘ದೀವ’ ಎಂದೊಂದು ಮಾತಿದೆ: ಕಾಡಿನ ಜಿಂಕೆಯನ್ನು ಹತ್ತಿರ ಸೆಳೆಯಲು ಪಳಗಿಸಿ ನಿಲ್ಲಿಸಿದ ಜಿಂಕೆ. ಸ್ವಜಾತಿಯ ಮೇಲಿನ ನಂಬಿಕೆಯೇ ಉರುಳು! ಪಂಪನ ಐದನೆಯ ಆಶ್ವಾಸದಲ್ಲಿ ಖಾಂಡವದಹನಕ್ಕೆ ಮೊದಲು ಬರುವ ಬೇಟೆಯ ಭಾಗವನ್ನು ಓದಿದವರಿಗೆ ಆ ಕವಿಗೆ ಈ ವಿದ್ಯೆ ಎಷ್ಟು ಬಲ್ಲದಾಗಿತ್ತು ಎಂಬುದು ತಿಳಿದೀತು. ಅಲ್ಲಿ ಉತ್ಸಾಹವಿದೆ, ಪ್ರಶ್ನೆಯಿಲ್ಲ. ಪಂಪನನ್ನು ಇದಕ್ಕಾಗಿ ದೂರಬೇಕಾಗಿಲ್ಲ. ಆದರೆ ಕಿಂದಮನನ್ನು ಓದಿ ಬಂದ ಕಣ್ಣಿಗೆ ಆ ಪುಟಗಳು ಬೇರೆಯಾಗಿ ಕಾಣುತ್ತವೆ.

ಪಶ್ಚಿಮದವರಲ್ಲಿ ಈ ವಿಷಯಕ್ಕೆ ಒಂದು ಸಂಹಿತೆಯೇ ಇದೆ. ಅಮೆರಿಕದಲ್ಲಿ ಥಿಯೋಡರ್ ರೂಸ್‌ವೆಲ್ಟ್ ಮತ್ತು ಗೆಳೆಯರು 1887ರಲ್ಲಿ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬಿನವರು ಅದನ್ನು ‘ಫೇರ್ ಚೇಸ್’ ಎಂದು ಕರೆದರು. ‘ನ್ಯಾಯದ ಬೇಟೆ’ ಎನ್ನೋಣ. ದೀಪದ ಬೆಳಕಿನಲ್ಲಿ ಕಣ್ಣು ಕೋರೈಸಿ ಹೊಡೆಯಬಾರದು, ನೀರಿನಲ್ಲಿ ಈಜುತ್ತಿರುವ ಜಿಂಕೆಯನ್ನು ದೋಣಿಯಿಂದ ಹೊಡೆಯಬಾರದು, ಆಳವಾದ ಹಿಮದಲ್ಲಿ ಕಾಲು ಹೂತು ಓಡಲಾರದ್ದನ್ನು ಹೊಡೆಯಬಾರದು. ಒಟ್ಟಿನಲ್ಲಿ ಪ್ರಾಣಿಗೆ ತಪ್ಪಿಸಿಕೊಳ್ಳುವ ನಿಜವಾದ ಅವಕಾಶ ಇರಬೇಕು. ಒಳ್ಳೆಯದೇ. ಆ ನಿಯಮಗಳಿಂದ ಅಲ್ಲಿ ಎಷ್ಟೋ ಪ್ರಾಣಿಗಳು ಉಳಿದವು ಎಂಬುದನ್ನು ಅಲ್ಲಗಳೆಯಲಾಗದು.

ಆದರೆ 1902ರಲ್ಲಿ ಮಿಸಿಸಿಪ್ಪಿಯಲ್ಲಿ ನಡೆದದ್ದನ್ನು ನೋಡಿ. ಅಧ್ಯಕ್ಷ ರೂಸ್‌ವೆಲ್ಟರಿಗೆ ಕರಡಿ ಸಿಗಲಿಲ್ಲವೆಂದು ಜತೆಗಿದ್ದವರು ಒಂದು ಕರಡಿಯನ್ನು ನಾಯಿಗಳಿಂದ ಅಟ್ಟಿಸಿ, ಬಡಿದು, ಮರಕ್ಕೆ ಕಟ್ಟಿ ಕರೆದರು. ಕಟ್ಟಿದ ಪ್ರಾಣಿಗೆ ಗುಂಡು ಹಾಕುವುದು ತನಗೆ ತಕ್ಕದ್ದಲ್ಲ ಎಂದು ಅವರು ನಿರಾಕರಿಸಿದರು. ಪತ್ರಿಕೆಯಲ್ಲಿ ವ್ಯಂಗ್ಯಚಿತ್ರ ಬಂತು, ಅದರಿಂದ ‘ಟೆಡ್ಡಿ ಬೇರ್’ ಗೊಂಬೆ ಬಂತು. ಕರಡಿ? ಅದರ ನೋವು ಮುಗಿಸಿರೆಂದು ಅವರೇ ಹೇಳಿದ ಮೇಲೆ ಚೂರಿಯಿಂದ ಕೊಂದರು. ಬೇಟೆಗಾರನ ಮರ್ಯಾದೆ ಉಳಿಯಿತು. ಆ ನ್ಯಾಯದ ಬೇಟೆಯಲ್ಲಿ ನ್ಯಾಯ ಸಂದದ್ದು ಯಾರಿಗೆ ಎಂದು ಕೇಳಿದರೆ ಉತ್ತರ ಅಲ್ಲೇ ಇದೆ. ಕ್ಲಬ್ಬಿನವರು ಕೊಂಬುಗಳನ್ನು ಅಳೆದು ದಾಖಲೆ ಪುಸ್ತಕ ಇಡುವವರೂ ಹೌದು. ನಿಯಮ ಮೀರಿ ಹೊಡೆದದ್ದಕ್ಕೆ ಆ ಪುಸ್ತಕದಲ್ಲಿ ಜಾಗವಿಲ್ಲ. ಅಲ್ಡೊ ಲಿಯೊಪೋಲ್ಡ್ 1949ರ ತನ್ನ ಪುಸ್ತಕದಲ್ಲಿ ಬೇಟೆಗಾರನ ಸುತ್ತ ಚಪ್ಪಾಳೆ ತಟ್ಟುವ ಪ್ರೇಕ್ಷಕರಿಲ್ಲ, ಅವನಿಗೆ ಅವನ ಆತ್ಮಸಾಕ್ಷಿಯೇ ತೀರ್ಪುಗಾರ ಎಂಬ ಅರ್ಥದ ಮಾತು ಬರೆದಿದ್ದಾನೆ. ದೊಡ್ಡ ಮಾತು. ಆದರೂ ಬ್ಯಾಂಕಿನ ಗುಮಾಸ್ತನಿಗೆ ಇದರಲ್ಲಿ ಒಂದು ಅಳುಕು ಇದ್ದೇ ಇರುತ್ತದೆ: ನಮ್ಮಲ್ಲಿ ವೋಚರ್ ಬರೆದವನೇ ಅದನ್ನು ಪಾಸ್ ಮಾಡುವಂತಿಲ್ಲ. ಅವನು ಎಷ್ಟು ಪ್ರಾಮಾಣಿಕನಾದರೂ ಅಷ್ಟೆ.

ನಮ್ಮ ಕಾವ್ಯಗಳು ಈ ಎರಡನೆಯ ಸಹಿಯನ್ನು ಬಿದ್ದ ಪ್ರಾಣಿಯಿಂದ ಹಾಕಿಸುತ್ತವೆ. ಕಿಂದಮ ಮಾತಾಡುತ್ತಾನೆ, ವಾಲಿ ಮಾತಾಡುತ್ತಾನೆ. ಶಾಕುಂತಲದಲ್ಲಿ ಜಿಂಕೆಗೆ ಮಾತಿಲ್ಲ, ಅದರ ಪರವಾಗಿ ತಪಸ್ವಿಗಳು ಅಡ್ಡ ಬರುತ್ತಾರೆ. ಅಲ್ಲಿನ ಬೇಟೆಯನ್ನು ಸ್ವಲ್ಪ ಗಮನಿಸಿ: ದುಷ್ಯಂತ ಮರೆಯಲ್ಲಿಲ್ಲ, ರಾತ್ರಿಯಲ್ಲ, ಬಲೆಯಿಲ್ಲ. ಬಯಲಿನಲ್ಲಿ ರಥ ಓಡಿಸಿ, ಕತ್ತು ತಿರುಗಿಸಿ ನೋಡುತ್ತ ಓಡುವ ಜಿಂಕೆಯನ್ನು ಬೆನ್ನಟ್ಟಿದ್ದಾನೆ. ಅಮೆರಿಕದ ಕ್ಲಬ್ಬಿನವರು ನೋಡಿದ್ದರೂ ಹೆಚ್ಚು ತಕರಾರು ಮಾಡುತ್ತಿರಲಿಲ್ಲವೇನೋ. ಆದರೂ ತಡೆ ಬರುತ್ತದೆ. ಆಯುಧವಿರುವುದು ಸಂಕಟದಲ್ಲಿದ್ದವರನ್ನು ಕಾಯುವುದಕ್ಕೆ ಎಂಬ ಕಾರಣ ಕೊಟ್ಟು ನಿಲ್ಲಿಸುತ್ತಾರೆ. ರಾಜ ಬಾಣ ಹಿಂತೆಗೆಯುತ್ತಾನೆ. ವಿಧಾನ ಸರಿಯಿದ್ದ ಮಾತ್ರಕ್ಕೆ ಕೆಲಸ ಸರಿಯಾಗುವುದಿಲ್ಲ. ಈ ನಾಟಕವನ್ನು ಕನ್ನಡಿಸಿದ ಬಸವಪ್ಪ ಶಾಸ್ತ್ರಿಗಳು ‘ಅಭಿನವ ಕಾಳಿದಾಸ’ರಾದರು, ಮಲಯಾಳಕ್ಕೆ ತಂದ ಕೇರಳವರ್ಮ ವಲಿಯ ಕೋಯಿತ್ತಂಬುರಾನರು ‘ಕೇರಳ ಕಾಳಿದಾಸ’ರಾದರು. ನಮ್ಮ ಎರಡೂ ಭಾಷೆಗಳ ಹೊಸ ರಂಗಭೂಮಿ ಹೊಸ್ತಿಲು ದಾಟಿದ್ದು ಹೀಗೆ ಉಳಿದುಕೊಂಡ ಒಂದು ಜಿಂಕೆಯ ಜತೆಗೆ.

ಕಾನೂನಿನ ಮಾತೂ ಇಲ್ಲಿ ಬರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಎಂದರೆ ಬೇಟೆಯೇ ನಿಷೇಧವೆಂದು ಈಗ ಎಲ್ಲರೂ ತಿಳಿದಿರುತ್ತಾರೆ. ಮೊದಲು ಹಾಗಿರಲಿಲ್ಲ. ಲೈಸೆನ್ಸ್ ಇದ್ದವರಿಗೆ ಬೇಟೆಯಿತ್ತು. ಹೇಗೆ ಆಡಬಾರದು ಎಂಬ ಪಟ್ಟಿಯೂ ಇತ್ತು. ವಾಹನದಿಂದ ಹೊಡೆಯಬಾರದು, ಗುಂಡಿ ತೋಡಬಾರದು, ವಿಷ ಇಡಬಾರದು, ಕಾಡಿಗೆ ಬೆಂಕಿ ಹಾಕಿ ಎಬ್ಬಿಸಬಾರದು, ಪ್ರಾಣಿಗಳು ನೀರು ಕುಡಿಯುವಲ್ಲಿ, ಉಪ್ಪುಮಣ್ಣು ನೆಕ್ಕುವಲ್ಲಿ ಕಾಯಬಾರದು. ಮರಿಯ ಜತೆಗಿರುವ ಹೆಣ್ಣನ್ನೂ, ಕೊಂಬಿನ ಮೇಲಿನ ಮಖಮಲ್ಲಿನಂಥ ಎಳೆಚರ್ಮ ಇನ್ನೂ ಕಳಚದ ಗಂಡು ಜಿಂಕೆಯನ್ನೂ ವಿಶೇಷ ಅನುಮತಿಯಿಲ್ಲದೆ ಮುಟ್ಟಬಾರದು. ಕಿಂದಮನ ‘ಕಾಯಬೇಕಿತ್ತು’ ಎಂಬ ಮಾತು ಸರಕಾರಿ ಭಾಷೆಯಲ್ಲಿ ಬಂದರೆ ಹೀಗಿರುತ್ತದೆ! 1991ರ ತಿದ್ದುಪಡಿಯಲ್ಲಿ ಈ ಕಲಮುಗಳನ್ನೇ ತೆಗೆದುಹಾಕಿದರು. ಬೇಟೆಯೇ ಹೋದ ಮೇಲೆ ಬೇಟೆಯ ರೀತಿ ಯಾಕೆ? ಹೊಂಚುವ ಜಾಗಗಳು ಮಾತ್ರ ಎಲ್ಲ ದೇಶದಲ್ಲೂ ಒಂದೇ. ನೀರಿನ ಹೊಂಡಗಳ ಬಳಿ ಬೇಟೆಗಾರರು ಕ್ಯಾಮರಾ ಕಟ್ಟಿ ಜಿಂಕೆಯ ದಾರಿ ತಿಳಿದುಕೊಳ್ಳುವುದು ಅತಿಯಾಗಿ, ಅಮೆರಿಕದ ಅರಿಜೋನಾದಲ್ಲಿ 2022ರಿಂದ ಬೇಟೆಗೆ ಅಂಥ ಕ್ಯಾಮರಾ ಬಳಸುವುದನ್ನು ನಿಷೇಧಿಸಿದರು.

ಹೊಸಗನ್ನಡದಲ್ಲಿ ಈ ವಿಚಾರದ ನಿಜವಾದ ವಾರಸುದಾರರು ಕುವೆಂಪು. ಮಲೆನಾಡಿನ ಬೇಟೆಯನ್ನು ಅವರಷ್ಟು ಒಳಗಿನಿಂದ ಬರೆದವರು ಕಡಿಮೆ. ಮರದ ಮೇಲೆ ‘ಮರಸು’ ಕೂತು ರಾತ್ರಿ ಕಾಯುವುದು, ಹಳುವಿಗೆ ನಾಯಿ ಬಿಟ್ಟು ಸೋವುವುದು, ಬಿಲ್ಲಿಗೆ ನಿಂತವನ ಎದೆ ಹೊಡೆದುಕೊಳ್ಳುವುದು ಇವೆಲ್ಲ ಅವರಿಗೆ ಪುಸ್ತಕದಿಂದ ಬಂದದ್ದಲ್ಲ. 1933ರ ‘ಮಲೆನಾಡಿನ ಚಿತ್ರಗಳು’ ಅದಕ್ಕೆ ಸಾಕ್ಷಿ. ಮರೆಯಲ್ಲಿ ಕಾಯುವುದರ ರುಚಿ ಬಲ್ಲ ಕವಿ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ವಾಲಿಯ ಪ್ರಸಂಗಕ್ಕೆ ಬಂದಾಗ ರಾಮನಿಗೆ ಬೇಟೆಗಾರನ ವಾದವನ್ನು ಕೊಡದೆ ಪಶ್ಚಾತ್ತಾಪವನ್ನು ಕೊಟ್ಟರು. ಇದನ್ನು ನಮ್ಮ ವಿಮರ್ಶಕರು ಕವಿಯ ಆದರ್ಶವಾದಕ್ಕೆ ಸೇರಿಸುತ್ತಾರೆ. ನನಗೆ ಅದರಲ್ಲಿ ಅನುಭವವೇ ಹೆಚ್ಚು ಕಾಣುತ್ತದೆ. ಮರಸು ಕೂತು ಬಲ್ಲವನಿಗೆ, ಅಲ್ಲಿಂದ ಹೊಡೆದದ್ದನ್ನು ಧರ್ಮಯುದ್ಧವೆ‌ಂದು ಕರೆಯುವುದು ಆಗದ ಕೆಲಸ.

ಎಳುತ್ತಚ್ಛನ್ ಹಿಡಿದದ್ದು ಬೇರೆ ದಾರಿ. ನೆರೆಮನೆಗಳಲ್ಲಿ ಕರ್ಕಿಡಕ ಮಾಸದಲ್ಲಿ ಓದುವ ಅಧ್ಯಾತ್ಮರಾಮಾಯಣದಲ್ಲಿ ಬಾಲಿ ಪ್ರಶ್ನೆ ಕೇಳುತ್ತಾನೆ, ಉತ್ತರ ಕೇಳುತ್ತಾನೆ, ಆಮೇಲೆ ರಾಮನ ದರ್ಶನದಲ್ಲಿ ಕರಗಿ ಸ್ತುತಿಸುತ್ತಾನೆ. ಭಕ್ತಿ ವಾದವನ್ನು ಮುಚ್ಚುತ್ತದೆ ಎಂದು ನಾವು ಕನ್ನಡದವರು ಮೂಗು ಮುರಿಯಬೇಕಾಗಿಲ್ಲ. ಆ ಇಡೀ ಕತೆಯನ್ನು ಅಲ್ಲಿ ಹೇಳುತ್ತಿರುವುದು ಒಂದು ಗಿಳಿ.

ಜಿಲ್ಲೆಯ ದಕ್ಷಿಣಕ್ಕೆ, ವಯನಾಟ್ಟು ಕುಲವನ್ ತೆಯ್ಯಂಕೆಟ್ಟಿನಲ್ಲಿ ಬರುವ ಕಂಡನಾರ್ ಕೇಳನ್ ತೆಯ್ಯದ ಕತೆಯೂ ಇದೇ ಸಾಲಿನದು. ಕೃಷಿಗಾಗಿ ಕಾಡಿಗೆ ಬೆಂಕಿ ಹಚ್ಚಿದ ಕೇಳನ್ ಅದೇ ಬೆಂಕಿಯ ನಡುವೆ ಸಿಕ್ಕಿ ನೆಲ್ಲಿಯ ಮರ ಹತ್ತುತ್ತಾನೆ. ಅಲ್ಲಿದ್ದ ಹಾವುಗಳೂ ಅವನೂ ಒಟ್ಟಿಗೆ ಸುಟ್ಟು ಬೂದಿಯಾಗುತ್ತಾರೆ. ಕುಲವನ್ ತನ್ನ ಬಿಲ್ಲಿನಿಂದ ಬೂದಿಯನ್ನು ಮುಟ್ಟಿ ಎಬ್ಬಿಸುತ್ತಾನೆ. ಸುತ್ತುವರಿದ ಬೆಂಕಿಯಲ್ಲಿ ಕಾಡುಪ್ರಾಣಿಗೆ ಆಗುವುದು ಮನುಷ್ಯನಿಗೇ ಆಗಿ, ಅದರಿಂದಲೇ ಅವನು ದೈವವಾಗುತ್ತಾನೆ. ಈ ಕೆಟ್ಟಿನ ‘ಬಪ್ಪಿಡಲ್’ ವಿಧಿಗೆ ಹಿಂದೆ ನಾಯಾಟ್ಟು ನಡೆಸಿ ತಂದ ಮಾಂಸ ಬೇಕಾಗಿತ್ತು. ಕಾಯಿದೆ ಅದಕ್ಕೆ ಅಡ್ಡ ನಿಂತಿದೆ. ಇನ್ನೊಂದು ಬದಿಯಲ್ಲಿ, ತೋಟಕ್ಕೆ ನುಗ್ಗುವ ಹಂದಿಯ ಕಾಟ ತಾಳಲಾರದೆ ಕೇರಳ ಸರಕಾರ 2022ರಲ್ಲಿ ಅದನ್ನು ಕೊಲ್ಲಿಸುವ ಅಧಿಕಾರವನ್ನು ಪಂಚಾಯತುಗಳಿಗೆ ಕೊಟ್ಟಾಗ ವಿಷ, ಸ್ಫೋಟಕ, ಕರೆಂಟು ಬೇಡ ಎಂದು ಬರೆಯಬೇಕಾಯಿತು. ಬೇಟೆಯ ರೀತಿಯ ಪಟ್ಟಿ ಹಿಂದಿನ ಬಾಗಿಲಿನಿಂದ ಮತ್ತೆ ಒಳಗೆ ಬಂದಿದೆ. ತೋಟವಿರುವ ನಮ್ಮ ಮನೆಗಳಲ್ಲಿ ಈ ಮಾತು ಬರೀ ಸಾಹಿತ್ಯದ್ದಲ್ಲ. ರಾತ್ರಿ ಬೇಲಿಗೆ ಕರೆಂಟು ಕೊಟ್ಟರೆ ಅದು ಹಂದಿಯನ್ನೂ ಕಡವೆಯನ್ನೂ ಬೇರೆಬೇರೆ ಮಾಡಿ ನೋಡುವುದಿಲ್ಲ.

ನಾನು ಕೇಳಿದ ಕೂಟಗಳಲ್ಲಿ ಪಾಂಡು–ಕಿಂದಮರ ಸಂವಾದ ಬಂದದ್ದಿಲ್ಲ. ಪ್ರಸಂಗ ಬರೆಯಬಲ್ಲವರು ನಮ್ಮಲ್ಲಿದ್ದಾರೆ, ಪಾಂಡುವಿನ ಅರ್ಥಕ್ಕೆ ಕಲಾವಿದರ ಕೊರತೆಯಿಲ್ಲ. ಅಗಸ್ತ್ಯನ ಆಧಾರ ಹಿಡಿದು ಅರ್ಧ ರಾತ್ರಿ ವಾದಿಸಬಹುದು. ಜಿಂಕೆಯ ಅರ್ಥವನ್ನು ಯಾರಿಗೆ ಕೊಡುವುದು ಎಂಬಲ್ಲಿ ಸಂಘಟಕರು ಸ್ವಲ್ಪ ಯೋಚಿಸಬೇಕಾದೀತು. ವಾಲಿಯ ಗತ್ತು ಅಲ್ಲಿ ನಡೆಯದು. ದೂರುತ್ತಿಲ್ಲ ಎಂದು ಹೇಳಿಯೂ ದೂರಬೇಕಾದ ಪಾತ್ರ ಅದು, ಮಾತೂ ಕಡಿಮೆ.